ಹುಟ್ಟು ಎಳೆಯುತ್ತಿದ್ದ ಗುಲಾಮ ಆಟೋಮನ್ ನೌಕಾಪಡೆಯ ಮುಖ್ಯಸ್ಥನಾದ: ಕಿಲಿಚ್ ಅಲಿ ಪಾಷಾ ಬಗ್ಗೆ ಮಾತಾಡೋಣ

ಮಲೆನಾಡಿಗ:
ಒಂದು ವಿಷಯ ತಲೆಗೆ ಹತ್ತುತ್ತಿಲ್ಲ. ಬಾರ್ಬರೋಸಾ ಖೈರುದ್ದೀನ್ ಕಡಲ್ಗಳ್ಳ. 1533ರಲ್ಲಿ ಸುಲ್ತಾನ್ ಸುಲೇಮಾನ್ ಅವನನ್ನು ಇಸ್ತಾಂಬುಲ್‌ಗೆ ಕರೆಸಿಕೊಂಡು ಇಡೀ ನೌಕಾಪಡೆಯನ್ನೇ ಅವನ ಕೈಗಿಟ್ಟ. ಸರಿ, ಒಬ್ಬನ ಅದೃಷ್ಟ ಅಂದುಕೊಳ್ಳೋಣ. ಆದರೆ ಆಮೇಲೆ ತುರ್ಗುತ್ ಬಂದ, ಉಲುಚ್ ಅಲಿ ಬಂದ. ಇವರೂ ಅದೇ ಕಸುಬಿನವರು. ಅದರಲ್ಲೂ ಉಲುಚ್ ಅಲಿ ಹುಟ್ಟಿದ್ದು ಇಟಲಿಯಲ್ಲಂತೆ, ಗುಲಾಮನಾಗಿದ್ದನಂತೆ. ಇದು ಕಳ್ಳನ ಕೈಗೆ ಬೀಗದ ಕೈ ಕೊಟ್ಟ ಹಾಗಲ್ವಾ? ಅಷ್ಟು ದೊಡ್ಡ ಸಾಮ್ರಾಜ್ಯ ಇಂಥವರನ್ನು ಹೇಗೆ ನಂಬಿತು? ಗೊತ್ತಿರುವವರು ಬರೆಯಿರಿ. ಉದ್ದವಾದರೂ ಪರವಾಗಿಲ್ಲ, ಓದುತ್ತೇನೆ.

ಹಳೇನಕ್ಷೆ:
ಒಳ್ಳೆ ಪ್ರಶ್ನೆ. ಬಾರ್ಬರೋಸಾ ಕಥೆ ಎಲ್ಲ ಕಡೆ ಸಿಗುತ್ತದೆ, ನಾನು ಉಲುಚ್ ಅಲಿಯದ್ದೇ ಹೇಳುತ್ತೇನೆ (ತಲೆಬರಹದ ಕಿಲಿಚ್ ಅಲಿ ಪಾಷಾ ಇವನೇ, ಆ ಹೆಸರು ಬಂದದ್ದು ಆಮೇಲೆ). ನನ್ನ ಪ್ರಕಾರ ಇವರಲ್ಲೆಲ್ಲ ಬುದ್ಧಿವಂತ ಇವನೇ.

ಹುಟ್ಟಿದ್ದು ಸುಮಾರು 1519ರಲ್ಲಿ. ಊರು ಲೆ ಕಾಸ್ತೆಲ್ಲಾ, ಇಟಲಿಯ ದಕ್ಷಿಣದ ತುದಿಯಲ್ಲಿರುವ ಕಲಾಬ್ರಿಯಾದ ಕಡಲಂಚಿನ ಹಳ್ಳಿ. ಹೆಸರು ಜೊವಾನ್ನಿ ದಿಯೊನಿಜಿ ಗಲೇನಿ. ಬಡವರ ಮನೆ. ಹುಡುಗನನ್ನು ಪಾದ್ರಿ ಮಾಡಬೇಕು ಅಂತ ಮನೆಯವರ ಆಸೆ ಇತ್ತಂತೆ. 1536ರಲ್ಲಿ ಬಾರ್ಬರೋಸಾನ ಕೈಕೆಳಗಿನ ಅಲಿ ಅಹ್ಮದ್ ಎಂಬ ನಾಯಕ ಆ ಕರಾವಳಿಗೆ ದಾಳಿ ಮಾಡಿ ಇವನನ್ನು ಹಿಡಿದುಕೊಂಡು ಹೋದ. ಆಗ ವಯಸ್ಸು ಹದಿನೇಳರ ಆಸುಪಾಸು. ನೇರವಾಗಿ ಹಡಗಿನ ಹುಟ್ಟಿಗೆ ಕಟ್ಟಿದರು.

ತಲೆಯಲ್ಲಿ ಕಜ್ಜಿ ಇತ್ತು, ಕೂದಲು ಉದುರಿತ್ತು. ಅದಕ್ಕೇ ಪಕ್ಕದಲ್ಲಿ ಕೂರುವ ಗುಲಾಮರೂ ಅಸಹ್ಯಪಡುತ್ತಿದ್ದರಂತೆ. ವರ್ಷಗಟ್ಟಲೆ ಕ್ರೈಸ್ತನಾಗಿಯೇ ಉಳಿದ. ಕೊನೆಗೆ ಮುಸ್ಲಿಂ ಆಗಿದ್ದಕ್ಕೆ ಆ ಕಾಲದವರು ಹೇಳುವ ಕಾರಣ ವಿಚಿತ್ರ. ಹುಟ್ಟು ಎಳೆಯುವಾಗ ಒಬ್ಬ ತುರ್ಕ ಕೆನ್ನೆಗೆ ಹೊಡೆದ. ಗುಲಾಮ ತಿರುಗಿಸಿ ಹೊಡೆಯುವ ಹಾಗಿಲ್ಲ. ಮುಸ್ಲಿಂ ಆದರೆ ಸೇಡು ತೀರಿಸಿಕೊಳ್ಳಬಹುದು. ಆದ. ಕಥೆ ಎಷ್ಟು ನಿಜವೋ, ಆದರೆ ಮನುಷ್ಯನ ಸ್ವಭಾವ ಇದರಲ್ಲಿ ಕಾಣುತ್ತದೆ.

ಮತ ಬದಲಾಯಿಸಿದ ಕೂಡಲೇ ಬಿಡುಗಡೆ ಅಂತೇನೂ ಇರಲಿಲ್ಲ. ಆದರೆ ಮೇಲೆ ಬರಲು ದಾರಿ ತೆರೆಯುತ್ತಿತ್ತು. ಇವನು ಮೇಲೆ ಬಂದ. ಕೂಡಿಟ್ಟ ದುಡ್ಡಿನಲ್ಲಿ ಒಂದು ಚಿಕ್ಕ ಹಡಗಿನಲ್ಲಿ ಪಾಲು ಹಾಕಿದ, ಆಮೇಲೆ ಉತ್ತರ ಆಫ್ರಿಕಾದ ಅಲ್ಜೀರ್ಸ್‌ನಲ್ಲಿ ತಾನೇ ನಾಯಕನಾದ, ನಂತರ ತುರ್ಗುತ್ ಜೊತೆ ಸೇರಿಕೊಂಡ. 1565ರಲ್ಲಿ ಆಟೋಮನ್ನರು ಮಾಲ್ಟಾ ದ್ವೀಪಕ್ಕೆ ಹಾಕಿದ ಮುತ್ತಿಗೆಯಲ್ಲಿ ತುರ್ಗುತ್ ಸತ್ತ. ಅವನ ದೇಹವನ್ನು ಟ್ರಿಪೋಲಿಗೆ ಒಯ್ದು ಮಣ್ಣು ಮಾಡಿಸಿದ್ದು ಉಲುಚ್ ಅಲಿಯೇ. ಟ್ರಿಪೋಲಿಯ ಅಧಿಕಾರವೂ ಅವನಿಗೇ ಬಂತು. 1568ರಲ್ಲಿ ಅಲ್ಜೀರ್ಸ್‌ನ ಬೇಲರ್‌ಬೇ, ಅಂದರೆ ಪ್ರಾಂತ್ಯಾಧಿಪತಿ. ಒಂದೆರಡು ವರ್ಷದಲ್ಲೇ ಟ್ಯೂನಿಸ್ ಕಿತ್ತುಕೊಂಡ.

ಈಗ ನಿಮ್ಮ "ಹೇಗೆ ನಂಬಿದರು" ಪ್ರಶ್ನೆ. ಇದರಲ್ಲಿ ಲೆಕ್ಕಾಚಾರ ಜಾಸ್ತಿ, ನಂಬಿಕೆ ಕಡಿಮೆ. ಬಾರ್ಬರೋಸಾ ಮೊದಲ ಸಲ ಸುಲ್ತಾನನಿಗೆ ತಲೆಬಾಗಿದಾಗ ಸಿಕ್ಕಿದ್ದು ಬಿರುದು ಮತ್ತು ಸುಮಾರು 2000 ಜಾನಿಸರಿ ಸೈನಿಕರು (ಸುಲ್ತಾನನ ಖಾಸಾ ಕಾಲಾಳು ಪಡೆ). ಅದಕ್ಕೆ ಬದಲಾಗಿ ಸುಲ್ತಾನನಿಗೆ ಸಿಕ್ಕಿದ್ದು ಅಲ್ಜೀರ್ಸ್ ಬಂದರು, ಸಿದ್ಧವಾಗಿದ್ದ ಹಡಗುಗಳು, ಮೆಡಿಟರೇನಿಯನ್‌ನ ಪ್ರತಿ ಕೊಲ್ಲಿಯನ್ನೂ ಅರಿತ ಜನ. ಇವರಿಗೆ ಸಂಬಳ ಕೊಡಬೇಕಿರಲಿಲ್ಲ, ಲೂಟಿಯ ಪಾಲಿನಲ್ಲೇ ಬದುಕುತ್ತಿದ್ದರು. ಇಸ್ತಾಂಬುಲ್‌ನ ಅರಮನೆಯಲ್ಲಿ ಕುದುರೆ ಸವಾರಿ ಕಲಿತವನಿಗೆ ಸಮುದ್ರ ಕಲಿಸುವುದಕ್ಕಿಂತ ಸಮುದ್ರದವನಿಗೇ ಅಧಿಕಾರ ಕೊಡುವುದು ಅಗ್ಗ.

ಟೀಪ್ರಿಯೆ:
ಹುಟ್ಟಿಗೆ ಕಟ್ಟುವುದು ಅಂದರೆ ಹೇಗಿರುತ್ತಿತ್ತು? ಸಿನಿಮಾದಲ್ಲಿ ಒಬ್ಬ ನಗಾರಿ ಬಾರಿಸುತ್ತಾನೆ, ಎಲ್ಲರೂ ಎಳೆಯುತ್ತಾರೆ. ಅಷ್ಟೇನಾ?

ಹಳೇನಕ್ಷೆ:
ಮೇಡಂ, ಅದಕ್ಕಿಂತ ಕೆಟ್ಟದಾಗಿತ್ತು. ಗ್ಯಾಲಿ ಹಡಗು ಸುಮಾರು 40 ಮೀಟರ್ ಉದ್ದ, ಅಗಲ ಮಾತ್ರ 5-6 ಮೀಟರ್. ಎರಡೂ ಬದಿಯಲ್ಲಿ ಇಪ್ಪತ್ತನಾಲ್ಕು ಇಪ್ಪತ್ತೈದು ಹಲಗೆ ಆಸನ. ಪ್ರತಿ ಆಸನದಲ್ಲಿ ಮೂರರಿಂದ ಐದು ಜನ. ಕಾಲಿಗೆ ಸರಪಳಿ. ಹುಟ್ಟು ಎಷ್ಟು ಭಾರ ಅಂದರೆ ಕೂತು ಎಳೆಯಲು ಆಗುವುದಿಲ್ಲ. ಎದ್ದು ನಿಂತು, ಮುಂದಿನ ಮೆಟ್ಟಿಗೆ ಕಾಲು ಕೊಟ್ಟು, ಇಡೀ ಮೈಯನ್ನು ಹಿಂದಕ್ಕೆ ಆಸನದ ಮೇಲೆ ಬೀಳಿಸಬೇಕು. ಒಬ್ಬ ತಾಳ ತಪ್ಪಿದರೆ ಹಿಂದಿನ ಸಾಲಿನ ಹುಟ್ಟು ಬೆನ್ನಿಗೆ ಬಡಿಯುತ್ತದೆ. ಊಟ ಅಂದರೆ ಒಣ ಬಿಸ್ಕತ್ತು, ನೀರು. ಮಲಗುವುದು ಅಲ್ಲೇ, ಮಲಮೂತ್ರ ಅಲ್ಲೇ. ಗಾಳಿ ಆ ಕಡೆಯಿಂದ ಬೀಸಿದರೆ ಹಡಗು ಕಣ್ಣಿಗೆ ಬೀಳುವ ಮೊದಲೇ ವಾಸನೆ ಬರುತ್ತಿತ್ತು ಅಂತಾರೆ.

ಇನ್ನೊಂದು ವಿಷಯ ಗಮನಿಸಿ. ಇಷ್ಟು ಜನ ಬೆವರು ಸುರಿಸಿದರೆ ಕುಡಿಯುವ ನೀರು ಎಷ್ಟು ಬೇಕು? ಚಿಕ್ಕ ಹಡಗು, ಪೀಪಾಯಿ ಇಡಲು ಜಾಗ ಇಲ್ಲ. ಅದಕ್ಕೇ ಕೆಲವು ದಿನಕ್ಕೊಮ್ಮೆ ದಡ ಮುಟ್ಟಲೇಬೇಕು. ಯಾವ ಕೊಲ್ಲಿಯಲ್ಲಿ ಸಿಹಿನೀರಿನ ಊಟೆ ಇದೆ, ಯಾವ ದ್ವೀಪದಲ್ಲಿ ಇಲ್ಲ ಅನ್ನುವುದು ಗೊತ್ತಿದ್ದವನೇ ಗೆಲ್ಲುತ್ತಿದ್ದ. ಈ ಜ್ಞಾನ ಪುಸ್ತಕದಲ್ಲಿ ಬರುವುದಿಲ್ಲ.

ಕಡಲಹಕ್ಕಿ:
ಇದಕ್ಕೆ ಒಂದು ಸೇರಿಸುತ್ತೇನೆ. ಆಗಿನ ದೊಡ್ಡ ತಲೆಗಳಲ್ಲಿ ಹುಟ್ಟು ಎಳೆದವರು ಒಬ್ಬಿಬ್ಬರಲ್ಲ. ತುರ್ಗುತ್‌ನನ್ನು 1540ರಲ್ಲಿ ಕಾರ್ಸಿಕಾದಲ್ಲಿ ಜಿನೋವಾದವರು ಹಿಡಿದು ಹುಟ್ಟಿಗೆ ಕಟ್ಟಿದ್ದರು. ಬಾರ್ಬರೋಸಾ ಹಣ ಕೊಟ್ಟು ಬಿಡಿಸಿದ. ಆ ಕಡೆ ನೋಡಿ, 1565ರಲ್ಲಿ ಮಾಲ್ಟಾ ಕಾಪಾಡಿದ ನೈಟ್‌ಗಳ (ಕ್ರೈಸ್ತ ಯೋಧ-ಸನ್ಯಾಸಿಗಳ) ಮುಖ್ಯಸ್ಥ ಲಾ ವಾಲೆಟ್, ಅವನೂ 1541ರಲ್ಲಿ ಸೆರೆಸಿಕ್ಕಿ ಸುಮಾರು ಒಂದು ವರ್ಷ ಮುಸ್ಲಿಮರ ಹಡಗಿನಲ್ಲಿ ಹುಟ್ಟು ಎಳೆದವನೇ. ಮಾಲ್ಟಾದ ನೈಟ್‌ಗಳು ಮಾಡುತ್ತಿದ್ದದ್ದೂ ಇದೇ ದಂಧೆ: ಹಡಗು ಹಿಡಿ, ಸರಕು ದೋಚು, ಜನರನ್ನು ಮಾರು. ಕೊರಳಲ್ಲಿ ಶಿಲುಬೆ ಇತ್ತು ಅಷ್ಟೇ ವ್ಯತ್ಯಾಸ. ಹಾಗಾಗಿ ಮಲೆನಾಡಿಗರು ಹೇಳಿದ ಕಳ್ಳನ ಮಾತು ಎರಡೂ ಕಡೆಗೆ ಅನ್ವಯ.

ಬಯಲುಸೀಮೆ:
ಎಲ್ಲಾ ಸರಿ ಗುರುಗಳೇ. ಆದರೆ ಲೆಪಾಂಟೋ ನೌಕಾಯುದ್ಧ? 1571ರಲ್ಲಿ ಆಟೋಮನ್ನರು ಮಣ್ಣು ಮುಕ್ಕಿದರು, ಇವನು ಅಲ್ಲಿಂದ ಕಾಲ್ಕಿತ್ತ. ಓಡಿಬಂದವನಿಗೆ ಕಪುದಾನ್ ಪಾಷಾ, ಅಂದರೆ ನೌಕಾಪಡೆಯ ಮುಖ್ಯಸ್ಥನ ಪದವಿ! ಇದ್ಯಾವ ನ್ಯಾಯ?

ಹಳೇನಕ್ಷೆ:
ಈ ಮಾತು ಬರುತ್ತದೆ ಅಂತ ಗೊತ್ತಿತ್ತು. ಸ್ವಲ್ಪ ನಿಧಾನವಾಗಿ ನೋಡೋಣ.

ಅಕ್ಟೋಬರ್ 7, 1571. ಗ್ರೀಸ್‌ನ ಪಶ್ಚಿಮಕ್ಕೆ, ಪತ್ರಾಸ್ ಕೊಲ್ಲಿಯ ಬಾಯಲ್ಲಿ ಒಂದು ಕಡೆ ಆಟೋಮನ್ನರು, ಎದುರಿಗೆ ಸ್ಪೇನ್, ವೆನಿಸ್, ಪೋಪ್ ಸೇರಿದ ಕ್ರೈಸ್ತ ಮಿತ್ರಕೂಟ, ಎರಡೂ ಕಡೆ ಇನ್ನೂರಕ್ಕೂ ಹೆಚ್ಚು ಹಡಗು. ಆಟೋಮನ್ ಪಡೆಯ ಮುಖ್ಯಸ್ಥ ಮುಯೆಝಿನ್‌ಝಾದೆ ಅಲಿ ಪಾಷಾ, ಮೂಲತಃ ಜಾನಿಸರಿಗಳ ಅಧಿಕಾರಿ, ಸಮುದ್ರದವನಲ್ಲ. ಹಿಂದಿನ ದಿನದ ಸಭೆಯಲ್ಲಿ ಹಡಗುಗಳಲ್ಲಿದ್ದ ಸೈನಿಕರ ಮುಖ್ಯಸ್ಥ ಪೆರ್ತೆವ್ ಪಾಷಾ ಮತ್ತು ಉಲುಚ್ ಅಲಿ ಇಬ್ಬರೂ ಬೇಡ ಅಂದರು. ಜನ ಕಮ್ಮಿ ಇದ್ದಾರೆ, ಋತು ಮುಗಿಯುತ್ತಾ ಬಂತು, ಕೋಟೆಯ ಫಿರಂಗಿಗಳ ನೆರಳಲ್ಲಿ ಇದ್ದುಬಿಡೋಣ, ಶತ್ರು ತಾನೇ ವಾಪಸ್ ಹೋಗುತ್ತಾನೆ. ಅಲಿ ಪಾಷಾ ಸುಲ್ತಾನನ ಆಜ್ಞೆ ತೋರಿಸಿ ಹೊರಟ.

ಉಲುಚ್ ಅಲಿಗೆ ಸಿಕ್ಕಿದ್ದು ಎಡಪಕ್ಕ. ಎದುರಿಗೆ ಜಿನೋವಾದ ಜಾನ್ ಆಂದ್ರೆಯಾ ದೋರಿಯಾ. ಉಲುಚ್ ಅಲಿ ದಕ್ಷಿಣಕ್ಕೆ ಸರಿದ, ಸುತ್ತುವರಿಯುವವನ ಹಾಗೆ. ದೋರಿಯಾ ಹೆದರಿ ಅವನೂ ದಕ್ಷಿಣಕ್ಕೆ ಸರಿದ. ಇವನು ಮತ್ತೂ ಸರಿದ, ಅವನೂ ಸರಿದ. ಹೀಗೆ ಸರಿದು ಸರಿದು ದೋರಿಯಾನಿಗೂ ನಡುಪಡೆಗೂ ಮಧ್ಯೆ ದೊಡ್ಡ ಬಿರುಕು ಬಿತ್ತು. ಆಗ ಉಲುಚ್ ಅಲಿ ಗಕ್ಕನೆ ಹಡಗು ತಿರುಗಿಸಿ ಆ ಬಿರುಕಿಗೆ ನುಗ್ಗಿದ. ಅಲ್ಲಿ ಸಿಕ್ಕಿದ್ದು ಮಾಲ್ಟಾದ ನೈಟ್‌ಗಳ ಮುಖ್ಯ ಹಡಗು. ಅದರ ಮೇಲಿದ್ದವರು ಹೆಚ್ಚುಕಡಿಮೆ ಎಲ್ಲರೂ ಸತ್ತರು. ನಾಯಕ ಜುಸ್ತಿನಿಯಾನಿ ಮೈಗೆ ಬಾಣ ಚುಚ್ಚಿಸಿಕೊಂಡು ಹೇಗೋ ಬದುಕಿದ. ಉಲುಚ್ ಅಲಿ ಆ ಹಡಗಿಗೆ ಹಗ್ಗ ಕಟ್ಟಿ ಎಳೆದುಕೊಂಡು ಹೊರಟ.

ಅಷ್ಟರಲ್ಲಿ ನಡುವೆ ಯುದ್ಧ ಮುಗಿದಿತ್ತು. ಮುಖ್ಯಸ್ಥ ಮುಯೆಝಿನ್‌ಝಾದೆ ಅಲಿ ಪಾಷಾ ಸತ್ತಿದ್ದ. ಸ್ಪೇನಿನ ಮೀಸಲು ಪಡೆ ಇವನ ಕಡೆಗೆ ತಿರುಗಿತು. ಎಳೆಯುತ್ತಿದ್ದ ಹಡಗು ಭಾರ. ಹಗ್ಗ ಕಡಿಸಿಬಿಟ್ಟ. ನೈಟ್‌ಗಳ ಬಾವುಟ ಮಾತ್ರ ಕಿತ್ತಿಟ್ಟುಕೊಂಡು, ಉಳಿದ ಹಡಗುಗಳನ್ನು ಕರೆದುಕೊಂಡು ಹೊರಬಿದ್ದ.

ಈ ಹಗ್ಗ ಕಡಿಸಿದ್ದೇ ನನಗೆ ಅವನ ಇಡೀ ಜೀವನದಲ್ಲಿ ಮುಖ್ಯ ಅನ್ನಿಸುತ್ತದೆ. ಶೌರ್ಯಕ್ಕೆ ಅಲ್ಲಿ ಬರ ಇರಲಿಲ್ಲ, ಶೂರರೆಲ್ಲ ಸತ್ತು ನೀರಲ್ಲಿ ತೇಲುತ್ತಿದ್ದರು. ಯಾವಾಗ ಬಿಡಬೇಕು ಅಂತ ಗೊತ್ತಿದ್ದವನು ಇವನೊಬ್ಬನೇ. ಇಸ್ತಾಂಬುಲ್‌ಗೆ ಹೋಗುವ ದಾರಿಯಲ್ಲಿ ಚೆಲ್ಲಾಪಿಲ್ಲಿಯಾಗಿದ್ದ ಹಡಗುಗಳನ್ನೂ ಕೂಡಿಸಿಕೊಂಡು ಹೋದ. ಬಂದರಿಗೆ ಒಂದು ಪಡೆಯ ಹಾಗೇ ಬಂದ. ಸುಲ್ತಾನ್ ಎರಡನೇ ಸೆಲೀಮ್‌ಗೆ ಬಾವುಟ ಒಪ್ಪಿಸಿದ. ಅವನು ಕಿಲಿಚ್, ಅಂದರೆ ಕತ್ತಿ, ಅಂತ ಹೊಸ ಹೆಸರಿಟ್ಟು ನೌಕಾಪಡೆ ಒಪ್ಪಿಸಿದ. ಅನುಭವಿ ನಾಯಕರೆಲ್ಲ ಸತ್ತಿರುವಾಗ ಇನ್ಯಾರಿಗೆ ಕೊಡುತ್ತಿದ್ದ ಹೇಳಿ?

ಟೀಪ್ರಿಯೆ:
ಬೀಸೋ ದೊಣ್ಣೆ ತಪ್ಪಿಸಿಕೊಂಡರೆ ಸಾವಿರ ವರ್ಷ ಆಯಸ್ಸು ಅಂತ ನಮ್ಮಜ್ಜಿ ಹೇಳುತ್ತಿದ್ದರು 😄

ಬಯಲುಸೀಮೆ:
ಹಡಗು ಉಳಿಸಿದ, ಒಪ್ಪಿದೆ. ಆದರೆ ಲೆಪಾಂಟೋ ನಂತರ ಆಟೋಮನ್ ನೌಕಾಪಡೆ ಮುಗಿದೇಹೋಯಿತು ಅಂತ ಓದಿದ್ದೇನೆ.

ಕಡಲಹಕ್ಕಿ:
ಅದು ಯುರೋಪಿನವರ ಹಳೇ ಹಾಡು. ಒಂದೇ ಚಳಿಗಾಲದಲ್ಲಿ ಸುಮಾರು 150 ಹೊಸ ಹಡಗು ಕಟ್ಟಿದರು. ಪ್ರಧಾನ ವಜೀರ ಸೊಕೊಲ್ಲು ಮೆಹ್ಮದ್ ಪಾಷಾ ಹಿಂದೆ ನಿಂತಿದ್ದ. ಕಿಲಿಚ್ ಅಲಿ ಅವನ ಹತ್ತಿರ ಹೋಗಿ, ಹಡಗಿನ ಮೈ ಕಟ್ಟಬಹುದು, ಆದರೆ ಇಷ್ಟಕ್ಕೂ ಲಂಗರು, ಹಗ್ಗ, ಹಾಯಿ ಎಲ್ಲಿಂದ ತರೋದು ಅಂತ ಕೇಳಿದನಂತೆ. ಈ ರಾಜ್ಯ ಮನಸ್ಸು ಮಾಡಿದರೆ ಬೆಳ್ಳಿಯ ಲಂಗರು, ರೇಷ್ಮೆ ಹಗ್ಗ, ಸ್ಯಾಟಿನ್ ಹಾಯಿ ಕೊಡುತ್ತದೆ ಅಂತ ವಜೀರನ ಉತ್ತರ. ಬಡಾಯಿ ಹೌದು, ಆದರೆ ಮುಂದಿನ ಬೇಸಿಗೆಗೆ ಹಡಗು ನೀರಿಗಿಳಿದಿತ್ತು.

ಹಳೇನಕ್ಷೆ:
ಬಡಾಯಿ ಪಕ್ಕಕ್ಕಿಟ್ಟು ನೋಡಿದರೆ ಕಿಲಿಚ್ ಅಲಿಗೆ ಆ ಹಡಗುಗಳ ಮರ್ಮ ಗೊತ್ತಿತ್ತು. ಮರ ಇನ್ನೂ ಹಸಿ. ಫಿರಂಗಿ ಅವಸರದಲ್ಲಿ ಎರಕ ಹೊಯ್ದದ್ದು. ಹುಟ್ಟು ಎಳೆಯುವವರು, ಬಿಲ್ಲುಗಾರರು ಎಲ್ಲ ಹೊಸಬರು. ಅದಕ್ಕೇ 1572ರಲ್ಲಿ ಲೆಪಾಂಟೋದಲ್ಲಿ ಮಿತ್ರಕೂಟದ ಮುಖ್ಯಸ್ಥನಾಗಿದ್ದ ಡಾನ್ ಜುವಾನ್ ಮತ್ತೆ ದೊಡ್ಡ ಪಡೆ ತಂದಾಗ ಇವನು ಏನು ಮಾಡಿದ? ಕಾಣಿಸಿಕೊಂಡ, ಸುತ್ತಾಡಿಸಿದ, ಕೊನೆಗೆ ಗ್ರೀಸ್‌ನ ಮೊದೋನ್ ಕೋಟೆಯ ಫಿರಂಗಿಗಳ ಕೆಳಗೆ ಹೋಗಿ ಕೂತುಬಿಟ್ಟ. ಲೆಪಾಂಟೋದಲ್ಲಿ ಯಾವ ಸಲಹೆ ಕೊಟ್ಟಿದ್ದನೋ ಈಗ ಅದನ್ನೇ ತಾನು ಮಾಡಿದ. ಡಾನ್ ಜುವಾನ್ ಹೊರಗೆ ಕಾದು ಕಾದು, ಅಕ್ಟೋಬರ್ ಗಾಳಿ ಶುರುವಾದ ಮೇಲೆ ವಾಪಸ್ ಹೋದ. ಒಂದು ದೊಡ್ಡ ಯುದ್ಧವೂ ಇಲ್ಲ. ಮಾರ್ಚ್ 1573ರಲ್ಲಿ ವೆನಿಸ್ ಮಿತ್ರಕೂಟ ಬಿಟ್ಟು ಒಪ್ಪಂದ ಮಾಡಿಕೊಂಡಿತು, ಸೈಪ್ರಸ್ ಬಿಟ್ಟುಕೊಟ್ಟಿತು. ಗೆದ್ದ ಕಡೆಯವರೇ ಜಮೀನು ಬರೆದುಕೊಟ್ಟರು ನೋಡಿ.

1573ರ ಶರತ್ಕಾಲದಲ್ಲಿ ಡಾನ್ ಜುವಾನ್ ಟ್ಯೂನಿಸ್ ಹಿಡಿದ. ಮರುವರ್ಷವೇ ಕಿಲಿಚ್ ಅಲಿ ಸಮುದ್ರದಲ್ಲಿ, ಸಿನಾನ್ ಪಾಷಾ ನೆಲದಲ್ಲಿ ನಿಂತು ವಾಪಸ್ ಕಿತ್ತುಕೊಂಡರು. 1535ರಿಂದ ಸ್ಪೇನ್ ಕೈಯಲ್ಲಿದ್ದ ಲಾ ಗೊಲೆಟಾ ಕೋಟೆಯೂ ಬಿತ್ತು. ಇಲ್ಲಿ ಅವನು ಕೋಟೆಯ ನೆರಳಲ್ಲಿ ಅಡಗಲಿಲ್ಲ ಅನ್ನುವುದನ್ನೂ ನೆನಪಿಡಿ. ಈ ಸಲ ಹಡಗು, ಜನ ಎರಡೂ ಪಕ್ಕಾ ಇತ್ತು.

ಗುಮ್ಮಟನಗರಿ:
ಇದೇ ಕಾಲಕ್ಕೆ ನಮ್ಮ ಕಡೆ ಏನಾಗುತ್ತಿತ್ತು ಅಂತ ಸುಮ್ನೆ ಹೇಳುತ್ತೇನೆ. ಮಾಲ್ಟಾ ಮುತ್ತಿಗೆಯ 1565, ತಾಳಿಕೋಟೆ ಯುದ್ಧದ ವರ್ಷವೂ ಹೌದು. 1569ರಲ್ಲಿ ಪೋರ್ಚುಗೀಸರು ಹೊನ್ನಾವರ, ಬಸರೂರು ಹಿಡಿದರು. ಲೆಪಾಂಟೋ ನಡೆದ ವರ್ಷ ಬಿಜಾಪುರದ ಅಲಿ ಆದಿಲ್ ಶಾ ಗೋವಾಕ್ಕೆ ಮುತ್ತಿಗೆ ಹಾಕಿ ಕೂತಿದ್ದ, ಗೆಲ್ಲಲಿಲ್ಲ. ಇನ್ನು ನಮ್ಮ ಊರಿನ ಮಲಿಕ್-ಎ-ಮೈದಾನ್ ತೋಪು ನೋಡಿದ್ದೀರಲ್ಲ, 1549ರಲ್ಲಿ ಅದನ್ನು ಅಹ್ಮದ್‌ನಗರದಲ್ಲಿ ಎರಕ ಹೊಯ್ದವನ ಹೆಸರು ಮುಹಮ್ಮದ್ ಬಿನ್ ಹಸನ್ ರೂಮಿ. ರೂಮಿ ಅಂದರೆ ಆಟೋಮನ್ ನಾಡಿನ ಕಡೆಯವನು. ಕೆಲಸ ಗೊತ್ತಿದ್ದವನು ಎಲ್ಲಿ ಹೋದರೂ ಬೇಕಾಗುತ್ತಿದ್ದ ಕಾಲ ಅದು.

ಮಲೆನಾಡಿಗ:
ಹಾಗಾದರೆ ಹೊನ್ನಾವರದ ತಿಮ್ಮೋಜನನ್ನೂ ಇದೇ ಸಾಲಿಗೆ ಸೇರಿಸಬಹುದಾ? ಅವನೂ ಕಡಲ್ಗಳ್ಳ, 1510ರಲ್ಲಿ ಆಲ್ಬುಕರ್ಕ್‌ಗೆ ಗೋವಾ ಹಿಡಿ ಅಂತ ದಾರಿ ತೋರಿಸಿದವನು.

ಕಡಲಹಕ್ಕಿ:
ಕಸುಬು ಒಂದೇ, ಆದರೆ ಮುಂದೆ ಆದದ್ದು ಬೇರೆ. ಪೋರ್ಚುಗೀಸರು ತಿಮ್ಮೋಜನಿಗೆ ಗೋವಾದ ಸುತ್ತಲಿನ ಕಂದಾಯ ವಸೂಲಿ ಕೊಟ್ಟರು, ಸ್ವಲ್ಪ ದಿನದಲ್ಲೇ ಮೂಲೆಗೆ ತಳ್ಳಿದರು. ಅವನು ಪೋರ್ಚುಗಲ್ ನೌಕಾಪಡೆಯ ಮುಖ್ಯಸ್ಥ ಆಗುವುದು ಕನಸಿನಲ್ಲೂ ಸಾಧ್ಯವಿರಲಿಲ್ಲ. ಇತ್ತ ಅಲ್ಜೀರ್ಸ್‌ನಲ್ಲಿ 1580ರ ಹೊತ್ತಿಗೆ ಹಡಗಿನ ನಾಯಕರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಮತ ಬದಲಾಯಿಸಿದ ಯುರೋಪಿನವರು. ಇಟಲಿಯವರು, ಗ್ರೀಕರು, ಅಲ್ಬೇನಿಯಾದವರು. ಮತ ಬದಲಾಯಿಸಬೇಕಿತ್ತು, ಆ ಬೆಲೆ ಇದ್ದೇ ಇತ್ತು. ಅದನ್ನು ಕೊಟ್ಟ ಮೇಲೆ ಯಾರ ಮಗ ಅಂತ ಯಾರೂ ಕೇಳುತ್ತಿರಲಿಲ್ಲ.

ಉತ್ತರದಿಕ್ಕು:
ಕ್ಷಮಿಸಿ, ನನಗೆ ಈ ಹೊಗಳಿಕೆ ಸ್ವಲ್ಪ ಜಾಸ್ತಿ ಅನ್ನಿಸುತ್ತಿದೆ. ಹದಿನೇಳು ವರ್ಷಕ್ಕೆ ಮನೆಯಿಂದ ಎತ್ತಿಕೊಂಡು ಹೋದವರ ಕೆಲಸವನ್ನೇ ಅವನೂ ಮುಂದೆ ಮಾಡಿದ. ಕಲಾಬ್ರಿಯಾ, ಸಿಸಿಲಿಯ ಎಷ್ಟು ತಾಯಂದಿರು ಇವನ ಹೆಸರು ಕೇಳಿ ನಡುಗಿರಬಹುದು? ಇವನ ಹಡಗಿನ ಹುಟ್ಟುಗಳಿಗೂ ಗುಲಾಮರನ್ನೇ ಕಟ್ಟಿಹಾಕಿದ್ದರು ತಾನೇ?

ಹಳೇನಕ್ಷೆ:
ನೂರಕ್ಕೆ ನೂರು ನಿಜ. ಅದನ್ನು ಮುಚ್ಚಿಡುವ ಉದ್ದೇಶ ನನಗಿಲ್ಲ. ಲೆಪಾಂಟೋದಲ್ಲಿ ಸಿಕ್ಕ ಆಟೋಮನ್ ಹಡಗುಗಳಿಂದ ಹನ್ನೆರಡು ಸಾವಿರಕ್ಕೂ ಹೆಚ್ಚು ಕ್ರೈಸ್ತ ಗುಲಾಮರು ಬಿಡುಗಡೆಯಾದರು ಅಂದರೆ ಲೆಕ್ಕ ಹಾಕಿ.

ಆದರೆ ಒಂದು ಸಾಕ್ಷಿ ಇದೆ, ಅದೂ ಶತ್ರುಪಕ್ಷದ್ದು. ಸ್ಪೇನಿನ ಲೇಖಕ ಸೆರ್ವಾಂಟಿಸ್ ಲೆಪಾಂಟೋದಲ್ಲಿ ಹೋರಾಡಿ ಎಡಗೈಯ ಸ್ವಾಧೀನ ಕಳೆದುಕೊಂಡವನು. ಆಮೇಲೆ 1575ರಲ್ಲಿ ಸೆರೆಸಿಕ್ಕಿ ಐದು ವರ್ಷ ಅಲ್ಜೀರ್ಸ್‌ನಲ್ಲಿ ಗುಲಾಮ. ಅವನ ಡಾನ್ ಕ್ವಿಕ್ಸೋಟ್ ಕಾದಂಬರಿಯಲ್ಲಿ ಒಬ್ಬ ಸೆರೆಯಾಳಿನ ಕಥೆ ಬರುತ್ತದೆ. ಅದರಲ್ಲಿ ಉಲುಚ್ ಅಲಿಯ ತಲೆಕಜ್ಜಿ, ಕಪಾಳಮೋಕ್ಷ ಎಲ್ಲ ಇದೆ. 14 ವರ್ಷ ಹುಟ್ಟು ಎಳೆದ ಅನ್ನುತ್ತಾನೆ. ಜೊತೆಗೆ ಅವನು ಒಳ್ಳೆಯ ಮನುಷ್ಯ, ಸೆರೆಯಾಳುಗಳನ್ನು ಮನುಷ್ಯರಂತೆ ನೋಡಿಕೊಳ್ಳುತ್ತಿದ್ದ ಅಂತಲೂ ಇದೆ. ಸತ್ತಾಗ ಅವನ ಬಳಿ ಮೂರು ಸಾವಿರ ಸೆರೆಯಾಳುಗಳಿದ್ದರು ಅನ್ನುವುದನ್ನೂ ಅದೇ ಉಸಿರಿನಲ್ಲಿ ಹೇಳುತ್ತಾನೆ. ಎರಡೂ ಒಟ್ಟಿಗೆ.

ಅದೇ ಕಥೆಯಲ್ಲಿ ಬಾರ್ಬರೋಸಾ ವಂಶದ ಇನ್ನೊಬ್ಬ ನಾಯಕ ಬರುತ್ತಾನೆ, ಮಹಾ ಕ್ರೂರಿ. 1572ರಲ್ಲಿ ಸ್ಪೇನಿನ ಹಡಗು ಹತ್ತಿರ ಬಂದದ್ದೇ ತಡ, ಹುಟ್ಟು ಎಳೆಯುವವರು ಎಲ್ಲರೂ ಒಟ್ಟಿಗೆ ಕೈಬಿಟ್ಟರು. ನಾಯಕನನ್ನು ಹಿಡಿದು ಒಂದು ಸಾಲಿನಿಂದ ಮುಂದಿನ ಸಾಲಿಗೆ ಎಸೆಯುತ್ತಾ, ಕಚ್ಚುತ್ತಾ ಸಾಗಿಸಿದರು. ಅರ್ಧ ಹಡಗು ದಾಟುವಷ್ಟರಲ್ಲಿ ಅವನ ಜೀವ ಹೋಗಿತ್ತು. ಕಿಲಿಚ್ ಅಲಿ ಆ ಸಾಲಿನಲ್ಲಿ ಕೂತು ಬಂದವನು. ಅಲ್ಲಿ ಕೂತವರು ಏನು ಯೋಚಿಸುತ್ತಾರೆ ಅಂತ ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಅವನ ಕರುಣೆಯಲ್ಲಿ ಆ ಲೆಕ್ಕವೂ ಇತ್ತು ಅಂತ ನನ್ನ ಗುಮಾನಿ.

ಟೀಪ್ರಿಯೆ:
ಇಸ್ತಾಂಬುಲ್‌ನಲ್ಲಿ ಅವನ ಮಸೀದಿ ಇದೆ ಅಲ್ವಾ? ಸೆರ್ವಾಂಟಿಸ್ ಅಲ್ಲಿ ಕೂಲಿ ಮಾಡಿದ್ದ ಅಂತ ಯಾವುದೋ ಪ್ರವಾಸದ ವಿಡಿಯೋದಲ್ಲಿ ಕೇಳಿದ ನೆನಪು.

ಕಡಲಹಕ್ಕಿ:
ಟೋಪ್‌ಹಾನೆಯಲ್ಲಿ ಇದೆ. ಕೂಲಿ ಕಥೆ ಬುರುಡೆ. ಸೆರ್ವಾಂಟಿಸ್ ಸೆರೆಯಲ್ಲಿದ್ದದ್ದು ಅಲ್ಜೀರ್ಸ್‌ನಲ್ಲಿ, 1580ರಲ್ಲಿ ಹಣ ಕಟ್ಟಿ ಬಿಡಿಸಿದ ಮೇಲೆ ಸ್ಪೇನಿಗೆ ಹೋದ.

ಮಸೀದಿ ಕಟ್ಟಿದವನು ವಾಸ್ತುಶಿಲ್ಪಿ ಮಿಮಾರ್ ಸಿನಾನ್ (ಟ್ಯೂನಿಸ್ ಗೆದ್ದ ಸಿನಾನ್ ಪಾಷಾ ಬೇರೆ). ಆಗ ಅವನಿಗೆ ತೊಂಬತ್ತರ ಆಸುಪಾಸು. ಒಳಗೆ ಹೋದರೆ ಹಾಗಿಯಾ ಸೋಫಿಯಾದ ಚಿಕ್ಕ ರೂಪ ಕಂಡ ಹಾಗೆ ಆಗುತ್ತದೆ. ಜಾಗ ಕೇಳಿದಾಗ, ನೀನು ಸಮುದ್ರದ ಒಡೆಯ, ಸಮುದ್ರದ ಮೇಲೇ ಕಟ್ಟಿಕೋ ಅಂದರಂತೆ. ಅವನು ನಿಜವಾಗಿಯೂ ಕಡಲು ತುಂಬಿಸಿ ಕಟ್ಟಿಸಿದ. ಆಮೇಲೆ ಇನ್ನಷ್ಟು ತುಂಬಿಸಿದ್ದರಿಂದ ಈಗ ನೀರು ದೂರ ಸರಿದಿದೆ. ಪಕ್ಕದಲ್ಲೇ ಹಮಾಮ್ (ಸಾರ್ವಜನಿಕ ಸ್ನಾನಗೃಹ), ದುರಸ್ತಿ ಮುಗಿದು 2012ರಲ್ಲಿ ಮತ್ತೆ ತೆರೆದಿದೆ. ಹಿತ್ತಲಲ್ಲಿ ಅವನ ಗೋರಿ. 1587ರಲ್ಲಿ ಸತ್ತ, ಕಪುದಾನ್ ಪಾಷಾ ಆಗಿಯೇ. ಅಂದರೆ ಲೆಪಾಂಟೋದಿಂದ ಸಾಯುವವರೆಗೆ ಹದಿನಾರು ವರ್ಷ ಆ ಕುರ್ಚಿ ಬಿಡಲಿಲ್ಲ. ವಜೀರರ ತಲೆ ಉರುಳುವ ಕಾಲದಲ್ಲಿ ಇದು ಸಣ್ಣ ಮಾತಲ್ಲ.

ಬಯಲುಸೀಮೆ:
ಅಷ್ಟು ವರ್ಷ ಏನು ಮಾಡುತ್ತಿದ್ದ? ಟ್ಯೂನಿಸ್ ನಂತರ ದೊಡ್ಡ ಯುದ್ಧವೇ ಇಲ್ಲವಲ್ಲ.

ಹಳೇನಕ್ಷೆ:
ಸ್ಪೇನ್ 1575ರಲ್ಲಿ ದಿವಾಳಿ ಎದ್ದಿತು, ಆಮೇಲೆ ಕದನವಿರಾಮ. ಆಟೋಮನ್ನರಿಗೆ ಪರ್ಷಿಯಾ ಜೊತೆ ಯುದ್ಧ ಶುರುವಾಯಿತು. ಹಾಗಾಗಿ ಇವನ ಹಡಗುಗಳು ಕಪ್ಪು ಸಮುದ್ರಕ್ಕೆ ಹೋದವು. 1584ರಲ್ಲಿ ಕ್ರಿಮಿಯಾಕ್ಕೆ ಹೋಗಿ ತಿರುಗಿಬಿದ್ದ ಖಾನನ ಜಾಗದಲ್ಲಿ ಇಸ್ಲಾಂ ಗಿರಾಯ್‌ನನ್ನು ಕೂರಿಸಿಬಂದ. ಉಳಿದಂತೆ ಹಡಗುಕಟ್ಟೆ ನೋಡಿಕೊಳ್ಳುವುದು, ಮರ ತರಿಸುವುದು, ಲೆಕ್ಕಪತ್ರ. ಈ ಭಾಗ ಯಾರೂ ಓದುವುದಿಲ್ಲ.

ಉತ್ತರದಿಕ್ಕು:
ಮನೆಯವರು? ತಾಯಿಯನ್ನು ಮತ್ತೆ ನೋಡಿದನಾ?

ಕಡಲಹಕ್ಕಿ:
ನೀವು ಕೇಳಿದ ಕಥೆ ಬಹುಶಃ ಇವನ ನಂತರದ ಇನ್ನೊಬ್ಬನದು. ಚಿಗಾಲಾಝಾದೆ ಸಿನಾನ್ ಪಾಷಾ. ಅವನೂ ಇಟಲಿ ಮೂಲ, ಅವನೂ ಹುಡುಗನಾಗಿದ್ದಾಗ ತಂದೆಯ ಜೊತೆ ಸೆರೆಸಿಕ್ಕವನು, ಅವನೂ ಕಪುದಾನ್ ಪಾಷಾ. 1598ರಲ್ಲಿ ಹಡಗುಪಡೆಯೊಂದಿಗೆ ಸಿಸಿಲಿಯ ಮೆಸಿನಾ ಹತ್ತಿರ ಬಂದು, ನಮ್ಮಮ್ಮನನ್ನು ನೋಡಬೇಕು ಅಂತ ಸ್ಪೇನಿನ ವೈಸರಾಯ್‌ಗೆ ಹೇಳಿಕಳಿಸಿದ. ಆಶ್ಚರ್ಯ ಅಂದರೆ ಅವರು ಕಳಿಸಿದರು. ಮುದುಕಿ ಮಗನ ಹಡಗು ಹತ್ತಿ ಮಾತಾಡಿಸಿಕೊಂಡು ವಾಪಸ್ ಬಂದಳು, ಅವನೂ ಊರಿಗೆ ಕೈ ಹಚ್ಚದೆ ಹೊರಟುಹೋದ.

ಕಿಲಿಚ್ ಅಲಿಯ ವಿಷಯಕ್ಕೆ ಬಂದರೆ, ಲೆ ಕಾಸ್ತೆಲ್ಲಾದಲ್ಲಿ ಇವತ್ತು ಅವನ ಪ್ರತಿಮೆ ಇದೆ. ಎತ್ತಿಕೊಂಡು ಹೋದ ಊರಿನಲ್ಲೇ.

ಮಲೆನಾಡಿಗ:
ಎಲ್ಲರಿಗೂ ಧನ್ಯವಾದ. ಚಿಗಾಲಾ ಬಗ್ಗೆ ಇನ್ನೊಂದು ಎಳೆ ಶುರುಮಾಡಿ ಕಡಲಹಕ್ಕಿ ಅವರೇ, ಅವನ ಮೆಸಿನಾ ಕಥೆ ಪೂರ್ತಿ ಬೇಕು.